ಲಿಫ್ಟಿನೊಳಗೆ ಅಣ್ಣತಮ್ಮ

ಲಿಫ್ಟ್ ಮೆಕ್ಯಾನಿಕ್ ತೆಗೆದ ಕಿರುಚಿತ್ರವನ್ನು ಯಾವ ಚಿತ್ರೋತ್ಸವದವರೂ ಆರಿಸಲಿಲ್ಲ. ಒಂದಾದ ಮೇಲೊಂದು ಉತ್ತರ ಬರುತ್ತಿತ್ತು, ಎಲ್ಲವೂ ಒಂದೇ ಅಚ್ಚಿನವು: ಕಳಿಸಿದ್ದಕ್ಕೆ ಧನ್ಯವಾದ, ಈ ಸಲ ಬಹಳ ಚಿತ್ರಗಳು ಬಂದಿದ್ದವು, ಕ್ಷಮಿಸಿ. ಬೇಡ ಅಂದರೆ ಬೇಡ ಅನ್ನಲಿ, ಯಾಕೆ ಬೇಡ ಅಂತ ಒಬ್ಬರಾದರೂ ಬಾಯಿ ಬಿಡಬಾರದೇ? ಲಿಫ್ಟ್ ನಿಂತರೆ ಎಲ್ಲಿ ಕೆಟ್ಟಿದೆ ಅಂತ ಹುಡುಕಿ ತೆಗೆಯುವುದೇ ಅವನ ಕಸುಬು. ತನ್ನ ಚಿತ್ರ ಎಲ್ಲಿ ಕೆಟ್ಟಿದೆ ಅನ್ನುವುದು ಮಾತ್ರ ಅವನ ತಲೆಗೆ ಹತ್ತಲೊಲ್ಲದು.

"ಹೆತ್ತವರಿಗೆ ಹೆಗ್ಗಣ ಮುದ್ದು. ನಿಮಗೆ ಕಾಣಲ್ಲ ಬಿಡಿ," ಅಂದಳು ಹೆಂಡತಿ. ಚಿತ್ರಕ್ಕೆ ಮೈಕ್ ಹಿಡಿದವಳು ಅವಳೇ, ಆದ್ದರಿಂದ ಆ ಹೆಗ್ಗಣದಲ್ಲಿ ಅವಳಿಗೂ ಪಾಲಿತ್ತು. "ಚಿತ್ರೋತ್ಸವಗಳಿಗೆ ಕಳಿಸಿಕೊಡೋ ಒಬ್ಬರು ಮೇಡಂ ಇದ್ದಾರಂತೆ. ಯಾವುದಕ್ಕೆ ಕಳಿಸ್ಬೇಕು, ಜೊತೆಗೆ ಏನು ಬರೀಬೇಕು, ಎಲ್ಲಾ ಅವರೇ ನೋಡ್ಕೋತಾರಂತೆ. ಹೋಗಿ ಕೇಳ್ಕೊಂಡು ಬನ್ನಿ."

"ಕಳಿಸೋದಕ್ಕೂ ಒಬ್ಬರು ಬೇಕಾ? ಬಟನ್ ಒತ್ತಿದ್ರೆ ಹೋಗುತ್ತೆ."

"ಲಿಫ್ಟೂ ಬಟನ್ ಒತ್ತಿದ್ರೆ ಹೋಗುತ್ತೆ. ಮತ್ತೆ ನಿಮ್ಮನ್ಯಾಕೆ ಕರೀತಾರೆ?"

ಅವನು ಮೇಡಂ ವಿಳಾಸ ಕೇಳಿ ಬರೆದುಕೊಂಡ.

ಅವನಿಗೇನು ಪ್ರಶಸ್ತಿಯ ಹುಚ್ಚಿರಲಿಲ್ಲ. ಚಿತ್ರದಲ್ಲಿ ಇದ್ದ ನಟರು ಇಬ್ಬರೇ, ಒಬ್ಬ ಅವನ ಅಪ್ಪ, ಇನ್ನೊಬ್ಬ ಚಿಕ್ಕಪ್ಪ. ಅಣ್ಣತಮ್ಮ ಇಬ್ಬರೂ ಒಂದೇ ಹಲಗೆಯ ಮೇಲೆ ನಿಂತು ಊರ ಗೋಡೆಗಳಿಗೆಲ್ಲ ಬಣ್ಣ ಬಳಿದವರು. ಒಮ್ಮೆ ಯಾರದೋ ದೊಡ್ಡ ಹಜಾರಕ್ಕೆ ಎಡಗಡೆಯಿಂದ ಒಬ್ಬ, ಬಲಗಡೆಯಿಂದ ಇನ್ನೊಬ್ಬ ಬಳಿಯುತ್ತ ಬಂದರೆ, ನಡುವೆ ಸೇರುವಲ್ಲಿ ಬಣ್ಣ ಎರಡಾಗಿತ್ತು. ಕಲಸಿದ್ದು ನೀನು, ಇಲ್ಲ ನೀನು ಅಂತ ಶುರುವಾದದ್ದು ಮನೆ ಯಜಮಾನರ ಎದುರೇ ಬಾಯಿಗೆ ಬಂದಂತೆ ಬೈದಾಡುವವರೆಗೆ ಹೋಯಿತು. ಗೋಡೆಗೆ ಇನ್ನೊಂದು ಕೈ ಬಳಿದರು, ಸರಿಹೋಯಿತು. ಅಂದು ನಿಂತ ಮಾತು ಮಾತ್ರ ಮತ್ತೆ ಶುರುವಾಗಲಿಲ್ಲ.

ಹೋದ ವರ್ಷ ಅಪ್ಪನಿಗೆ ಎದೆಯ ಆಪರೇಷನ್ ಆಯಿತು. ಚಿಕ್ಕಪ್ಪ ಆಸ್ಪತ್ರೆಗೆ ಬಂದ, ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಸಂಜೆಯವರೆಗೆ ಕೂತ, ಮೇಲೆ ಹತ್ತದೆ ಮನೆಗೆ ಹೋದ. ಮೇಲೆ ಹಾಸಿಗೆಯಲ್ಲಿ ಅಪ್ಪ ಬಂದಬಂದವರನ್ನೆಲ್ಲ "ಇನ್ಯಾರಾದ್ರೂ ಬಂದಿದ್ರಾ?" ಅಂತ ಕೇಳುತ್ತಿದ್ದ. ಅದನ್ನು ನೋಡಿ ಮೆಕ್ಯಾನಿಕ್‌ಗೆ ಸುಮ್ಮನಿರಲಾಗಲಿಲ್ಲ. ಜಗಳವಾಡಿದ ಇಬ್ಬರು ನೆರೆಹೊರೆಯವರು ಕೆಟ್ಟ ಲಿಫ್ಟಿನಲ್ಲಿ ಸಿಕ್ಕಿಕೊಂಡು ಮಾತಿಗೆ ಬೀಳುವ ಕತೆ ಕಟ್ಟಿದ್ದು ಆಮೇಲೆ. ಚಿತ್ರ ಎಲ್ಲಾದರೂ ಆಯ್ಕೆಯಾದರೆ ನಟರನ್ನೂ ಕರೆಯುತ್ತಾರೆ, ಇಬ್ಬರೂ ಒಂದು ಸಿನಿಮಾ ಹಾಲಿನಲ್ಲಿ ಅಕ್ಕಪಕ್ಕ ಕೂರಬೇಕಾಗುತ್ತದೆ. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಮೇಡಂ ಕೋಣೆ ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮಹಡಿಯ ಮೇಲಿತ್ತು. ಒಂದು ಮೇಜು, ಎರಡು ಕಂಪ್ಯೂಟರ್ ಪರದೆ, ಗೋಡೆಗೆ ಅಂಟಿಸಿದ ಹಳೆಯ ಚಿತ್ರೋತ್ಸವಗಳ ಬಣ್ಣಗೆಟ್ಟ ಭಿತ್ತಿಪತ್ರಗಳು. ಮೇಡಂ ಕೂಡ ಒಂದು ಕಾಲದಲ್ಲಿ ಚಿತ್ರ ಆರಿಸುವವರ ಸಾಲಿನಲ್ಲಿ ಕೂತಿದ್ದವರಂತೆ. ಚಿತ್ರ ಹಾಕಿ, ಮೊದಲು ಅವರು ಮಾಡಿದ ಕೆಲಸ ಸದ್ದು ನಿಲ್ಲಿಸಿದ್ದು.

"ಅಯ್ಯೋ ಮೇಡಂ, ಅದರಲ್ಲಿ ಇರೋದೇ ಮಾತು," ಅಂದ ಮೆಕ್ಯಾನಿಕ್.

"ಅದಕ್ಕೇ ನಿಲ್ಲಿಸಿದ್ದು. ಮಾತು ಕೇಳ್ತಾ ಕೂತ್ರೆ ಕಣ್ಣು ಮೈಮರೆಯುತ್ತೆ."

ಅವನು ಪರದೆ ಬಿಟ್ಟು ಅವರ ಮುಖವನ್ನೇ ನೋಡುತ್ತ ಕೂತ. ಈ ಹೆಂಗಸು ಏನು ಹುಡುಕುತ್ತಿದ್ದಾರೆ? ಒಂದು ಕಡೆ ನಿಲ್ಲಿಸಿದರು, ಹಿಂದಕ್ಕೆ ಹೋದರು, ಮತ್ತೆ ಅಲ್ಲಿಗೇ ಬಂದರು. ತಾನು ಲಿಫ್ಟಿನ ತಂತಿ ತಡವುವಾಗ ಹೀಗೇ ಕಾಣಬಹುದೇನೋ ಅನ್ನಿಸಿ ಅವನಿಗೆ ಸ್ವಲ್ಪ ಧೈರ್ಯ ಬಂತು.

"ಇವರಿಬ್ಬರನ್ನ ಒಟ್ಟಿಗೆ ನಿಲ್ಲಿಸಿ ತೆಗೆದೇ ಇಲ್ಲ, ಅಲ್ವಾ?"

ಬಂದ ಧೈರ್ಯ ಬಂದ ದಾರಿಯಲ್ಲೇ ಹೋಯಿತು. ಮೇಡಂ ಪರದೆಯ ಮೇಲೆ ಬೆರಳಿಟ್ಟರು. ಅಪ್ಪ ಮಾತಾಡುತ್ತಿದ್ದಾನೆ. ಅವನ ಹಿಂದೆ ಲಿಫ್ಟಿನ ಉಕ್ಕಿನ ಗೋಡೆ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಅದರಲ್ಲಿ ಅಪ್ಪನ ಬೆನ್ನು ಕಾಣುತ್ತದೆ. ಎದುರಿಗೆ ನಿಂತಿರಬೇಕಾದ ಚಿಕ್ಕಪ್ಪ ಕಾಣುವುದಿಲ್ಲ. ಅವನ ಜಾಗದಲ್ಲಿ ಒಂದು ಮೊಣಕೈ ಇದೆ, ಬಳೆ ಸಮೇತ.

"ನನ್ನ ಹೆಂಡ್ತಿದು," ಅಂದ ಮೆಕ್ಯಾನಿಕ್, ನಾಚಿಕೊಂಡು. ಆ ಗೋಡೆಯನ್ನು ಚಿತ್ರೀಕರಣಕ್ಕೆಂದು ಉಜ್ಜಿ ಉಜ್ಜಿ ಹೊಳಪು ಬರಿಸಿದವನು ಅವನೇ. ತನ್ನ ಗುಂಡಿ ತಾನೇ ತೋಡಿಕೊಂಡಿದ್ದ. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಎಲ್ಲ ಹೇಳಿದ. ಇನ್ನೊಬ್ಬ ಅಲ್ಲಿ ಇರಬಾರದು ಅನ್ನುವ ಷರತ್ತಿನ ಮೇಲೆಯೇ ಇಬ್ಬರೂ ಒಪ್ಪಿದ್ದು. ಒಂದು ಭಾನುವಾರ ಅಪ್ಪ ಬಂದ, ಮುಂದಿನ ಭಾನುವಾರ ಚಿಕ್ಕಪ್ಪ. ಎದುರಿನವನ ಮಾತನ್ನು ಹೆಂಡತಿಯೇ ಓದಿಕೊಟ್ಟಳು.

ಮೇಡಂ ನಗಲಿಲ್ಲ. "ಆರಿಸೋರು ಹೀಗೆ ಬೆರಳಿಟ್ಟು ತೋರಿಸಲ್ಲ. ಇವರಿಬ್ಬರು ನಿಜವಾಗಿ ಮಾತಾಡ್ತಿದ್ದಾರೆ ಅಂತ ಅವರಿಗೆ ಅನಿಸಲ್ಲ, ಮುಂದಿನ ಚಿತ್ರಕ್ಕೆ ಹೋಗ್ತಾರೆ. ಈಗ ನಾನು ದುಡ್ಡು ತಗೊಂಡು ಕಳಿಸಿದ್ರೂ ನಿಮಗೆ ಬರೋದು ಅದೇ ಉತ್ತರ. ಇಬ್ಬರೂ ಒಟ್ಟಿಗಿರೋ ಒಂದೇ ಒಂದು ಶಾಟ್ ತನ್ನಿ. ನಾನು ಬೇಕೋ ಬೇಡವೋ ಆಮೇಲೆ ಯೋಚನೆ ಮಾಡಿ."

ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ಅಣ್ಣತಮ್ಮಂದಿರನ್ನು ಒಂದುಗೂಡಿಸಲು ಚಿತ್ರೋತ್ಸವ ಬೇಕು ಅಂತ ಅವನು ಹೊರಟರೆ, ಚಿತ್ರೋತ್ಸವಕ್ಕೆ ಮೊದಲು ಅಣ್ಣತಮ್ಮಂದಿರು ಒಂದುಗೂಡಬೇಕಂತೆ. ಮೆಟ್ಟಿಲಿಳಿಯುವಾಗ ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಏನೋ ನೆಪ ಹೇಳಿ ಇಬ್ಬರನ್ನೂ ಲಿಫ್ಟ್ ಹತ್ತಿಸಿ, ನಡುವೆ ನಿಲ್ಲಿಸಿಬಿಟ್ರೆ?" ಅಂತ ಮನೆಯಲ್ಲಿ ಹೆಂಡತಿಯನ್ನು ಕೇಳಿದ.

"ಎದೆ ಆಪರೇಷನ್ ಆದವರನ್ನ? ನಿಮಗೆ ಬುದ್ಧಿ ನೆಟ್ಟಗಿದೆಯಾ?"

ಸರಿ, ಹಾಗಾದರೆ ನೇರವಾಗಿ ಕೇಳುವುದೇ. ಮೊದಲು ಅಪ್ಪನ ಹತ್ತಿರ ಹೋಗಿ ಮೇಡಂ ಹೇಳಿದ್ದನ್ನೆಲ್ಲ ಹೇಳಿದ. ಒಂದೇ ಶಾಟ್, ಮಾತಾಡುವ ಹಾಗೇ ಇಲ್ಲ, ಸುಮ್ಮನೆ ನಿಂತರೆ ಸಾಕು. ಅಪ್ಪ ಉಗುರು ನೋಡಿಕೊಂಡ.

"ಅವನೇನಂದ?"

"ಚಿಕ್ಕಪ್ಪ ಆಗಲೇ ಒಪ್ಪಿದ್ದಾನೆ."

ಚಿಕ್ಕಪ್ಪನ ಮನೆಯಲ್ಲೂ ಅದೇ ಪ್ರವರ. "ನಿಮ್ಮಪ್ಪ ಏನಂದ?"

"ಅಪ್ಪ ಆಗಲೇ ಒಪ್ಪಿದ್ದಾನೆ." ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂದಿದ್ದಾರೆ ಹಿರಿಯರು, ಅವನು ಹೇಳಿದ್ದು ಒಂದೋ ಒಂದೂವರೆಯೋ. ಎರಡನೆಯ ಸಲ ಹೇಳುವ ಹೊತ್ತಿಗೆ ಅದು ಹೆಚ್ಚುಕಡಿಮೆ ನಿಜವೇ ಆಗಿತ್ತು.

ಮಧ್ಯಾಹ್ನ ಜನ ಓಡಾಡದ ಹೊತ್ತು ನೋಡಿ ಚಿತ್ರೀಕರಣ ಇಟ್ಟುಕೊಂಡರು. ಲಿಫ್ಟ್ ಕಿರಿದು, ಮೂರನೆಯವನು ನಿಂತರೆ ಅವನೂ ಗೋಡೆಯಲ್ಲಿ ಕಾಣುತ್ತಾನೆ. ಆದ್ದರಿಂದ ಕ್ಯಾಮೆರಾವನ್ನು ಒಂದು ಮೂಲೆಗೆ ಬಿಗಿದು, ಹೆಂಡತಿಯ ಮೈಕನ್ನು ಅದರ ಬೆನ್ನಿಗೆ ಕಟ್ಟಿ, ಗಂಡಹೆಂಡಿರು ಹೊರಗೇ ನಿಂತರು. ಅಣ್ಣತಮ್ಮ ಒಬ್ಬರ ಮುಖ ಒಬ್ಬರು ನೋಡದೆ ಒಳಗೆ ಹೋದರು. ಬಾಗಿಲು ಮುಚ್ಚಿತು.

ಬಾಗಿಲ ಮೇಲಿನ ಅಂಕಿ ಒಂದು ಅಂದಿತು, ಎರಡು ಅಂದಿತು, ಏರಿ ಏರಿ ಆರನೆಯ ಮಹಡಿಗೆ ಹೋಗಿ ನಿಂತಿತು. ಇಳಿಯಬೇಕು. ಇಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೂರರವರೆಗೆ ಬಂತು, ಮತ್ತೆ ಮೇಲೆ ಹೋಯಿತು.

"ಕೆಟ್ಟಿತೇನ್ರೀ?" ಅಂದಳು ಹೆಂಡತಿ.

ಮೆಕ್ಯಾನಿಕ್ ಬಾಗಿಲಿಗೆ ಕಿವಿಯಿಟ್ಟ. ಮೋಟಾರು ಸರಿಯಾಗಿದೆ, ಹಗ್ಗದ ಸದ್ದು ಸರಿಯಾಗಿದೆ. "ಕೆಟ್ಟಿಲ್ಲ. ಒಳಗಿಂದ ಯಾರೋ ಬಟನ್ ಒತ್ತುತ್ತಿದ್ದಾರೆ."

"ಯಾರು?"

ಅದೇ ಅವನಿಗೂ ತಿಳಿಯಬೇಕಾಗಿತ್ತು. ಇಷ್ಟು ವರ್ಷದ ಕೆಲಸದಲ್ಲಿ ಒಂದು ಲಿಫ್ಟಿನೊಳಗೆ ಏನಾಗುತ್ತಿದೆ ಅಂತ ಅವನಿಗೆ ಇಷ್ಟು ಕುತೂಹಲ ಎಂದೂ ಹುಟ್ಟಿರಲಿಲ್ಲ. ಕಡೆಗೂ ಅದು ಇಳಿದು ಬಾಗಿಲು ತೆರೆದಾಗ ಇಬ್ಬರೂ ಹೋದಾಗ ನಿಂತಿದ್ದಂತೆಯೇ ನಿಂತಿದ್ದರು. "ಆಯ್ತಾ ನಿನ್ನ ಶಾಟು?" ಅಂದ ಅಪ್ಪ. ಚಿಕ್ಕಪ್ಪ ಚಪ್ಪಲಿ ಎಳೆದುಕೊಂಡು ಹೊರಟುಹೋದ.

ಮನೆಗೆ ಬಂದು ಹಾಕಿ ನೋಡಿದರು. ಇಬ್ಬರೂ ಬಾಗಿಲನ್ನೇ ನೋಡುತ್ತ ನಿಂತಿದ್ದಾರೆ. ಉಕ್ಕಿನ ಗೋಡೆಯಲ್ಲಿ ಎರಡು ಮುದಿ ಬೆನ್ನುಗಳು. ಮೇಡಂ ಕೇಳಿದ ಶಾಟ್ ಅಲ್ಲೇ ಸಿಕ್ಕಿತು. ಎರಡನೆಯ ಮಹಡಿ ದಾಟುತ್ತಲೇ ಚಿಕ್ಕಪ್ಪ ಕತ್ತೆತ್ತಿ ಕ್ಯಾಮೆರಾ ನೋಡಿದ, ಮುಂದೆ ಬಂದ, ಅಂಗೈ ಅಡ್ಡ ಹಿಡಿದ. ಪರದೆ ಕತ್ತಲಾಯಿತು. ಆದರೆ ಮೈಕ್ ಇನ್ನೂ ಕೇಳಿಸಿಕೊಳ್ಳುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಗಿತ್ತು ಆ ಇಬ್ಬರ ಕತೆ.

"ಈಗ ಅವನಿಗೆ ಏನೂ ಗೊತ್ತಾಗಲ್ಲ. ಹೇಳು," ಅಂದಿತು ಚಿಕ್ಕಪ್ಪನ ದನಿ.

ಮೋಟಾರಿನ ಸದ್ದು. ಅಪ್ಪ ಕೆಮ್ಮಿದ. "ಹುಡುಗ ಸೊರಗಿಹೋಗಿದ್ದಾನೆ ಕಣೋ. ಆ ಚಿತ್ರನ ಯಾರೂ ತಗೊಳ್ತಿಲ್ಲವಂತೆ."

"ಗೊತ್ತು. ಯಾರೋ ಮೇಡಂಗೆ ಕೆಲಸ ಒಪ್ಪಿಸ್ಬೇಕಾ ಬೇಡ್ವಾ ಅಂತ ಯೋಚನೆ ಮಾಡ್ತಿದ್ದಾನೆ."

"ಒಪ್ಪಿಸಿದ್ರೆ ಒಳ್ಳೇದಾ?"

"ನಂಗೇನು ಗೊತ್ತಣ್ಣ. ನಾನು ಬಣ್ಣ ಬಳಿಯೋನು."

ಅಪ್ಪ ನಕ್ಕ. ಆಪರೇಷನ್ ಆದ ಮೇಲೆ ಅವನು ಹಾಗೆ ನಕ್ಕದ್ದನ್ನು ಮಗ ಕೇಳಿರಲಿಲ್ಲ.

"ಎಷ್ಟು ಕೇಳ್ತಾರಂತೆ?"

"ಎಷ್ಟಾದ್ರೂ ಕೇಳ್ಲಿ. ಅರ್ಧ ನಂದು."

"ನೀನ್ಯಾಕೆ ಕೊಡ್ತೀಯಾ? ಮಗ ನನ್ನವನು."

"ನನಗೇನು ಮಗ ಅಲ್ವಾ?"

ಬಟನ್ ಒತ್ತಿದ ಸದ್ದು. ಲಿಫ್ಟ್ ಮತ್ತೆ ಏರಿತು.

"ಅರ್ಧ ಅಂದ್ರೆ ಸರಿಯಾಗಿ ಅರ್ಧ," ಅಂದ ಅಪ್ಪ. "ಸಿನಿಮಾ ಹಾಲಿನಲ್ಲಿ ಹಾಕಿದ್ರೆ ನಮ್ಮನ್ನೂ ಕರೀತಾರಂತೆ."

"ಅಕ್ಕಪಕ್ಕ ಕೂರಿಸ್ತಾರೇನೋ."

"ಕೂರಿಸ್ಲಿ ಬಿಡು."

ಮೆಕ್ಯಾನಿಕ್ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಹೆಂಡತಿ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಳು. ಅವಳ ಕಣ್ಣೂ ಒದ್ದೆಯಾಗಿತ್ತು.

"ಶಾಟ್ ಸಿಕ್ತಲ್ಲ," ಅಂದಳು ಆಮೇಲೆ. "ಇನ್ನು ಚಿತ್ರನ ನಾವೇ ಕಳಿಸ್ಬಹುದು. ಆ ಮೇಡಂ ಬೇಕಾ?"

"ಬೇಕು."

"ಯಾಕ್ರೀ? ಬಟನ್ ಒತ್ತಿದ್ರೆ ಹೋಗುತ್ತೆ ಅಂತಿದ್ರಿ."

"ನಾವೇ ಕಳಿಸಿಬಿಟ್ರೆ," ಅಂದ ಅವನು ಮೂಗು ಒರೆಸಿಕೊಳ್ಳುತ್ತ, "ಅವರಿಬ್ಬರೂ ಅರ್ಧರ್ಧ ಹಾಕೋದು ಯಾವುದಕ್ಕೆ?"