ನಾಲ್ಕನೆಯವರ ಹೆಸರು

ನಡುಗಡ್ಡೆಗೆ ಹೋಗಿ, ಟೆಂಟು ಹೊಡೆದು, ಒಂದು ರಾತ್ರಿ ಇದ್ದು ಬರೋಣ ಅಂದವಳು ನಾನೇ. ನನ್ನ ಗಂಡ ಸಂಗಮನಾಥ ಅವರಿಗೆ ಶಹಾಪುರದ ಗೊಬ್ಬರದ ಅಂಗಡಿ ಬಿಟ್ಟರೆ ಬೇರೆ ಲೋಕವಿಲ್ಲ. ಆಸೆ ಇದ್ದದ್ದು ನನಗೆ, ಅದೂ ಒಂದೇ. ಅವರ ಮೊದಲ ಹೆಂಡತಿಯ ಮಗಳು ಜ್ಯೋತಿ ನನ್ನನ್ನು ಅವ್ವ ಅನ್ನಬೇಕು. ನಾನು ಈ ಮನೆಗೆ ಬಂದು ಒಂದೂವರೆ ವರ್ಷ. ಎಂಟು ವರ್ಷದ ಆ ಹುಡುಗಿ ಇವತ್ತಿಗೂ ‘ಕಸ್ತೂರಿ, ನೀರು ಕೊಡು’ ಎಂದು ಹೆಸರು ಹಿಡಿದೇ ಕರೆಯುತ್ತಿದ್ದಳು. ಓಣಿಯವರು ನಗುತ್ತಿದ್ದರು.

ಎರಡು ದಿನ ಎಲ್ಲರಿಂದ ದೂರ, ನಾವು ಮೂವರೇ ಇದ್ದರೆ ದಾರಿಗೆ ಬಂದಾಳು ಅಂದುಕೊಂಡೆ. ಆನ್‌ಲೈನಿನಲ್ಲಿ ಟೆಂಟು ತರಿಸಿದೆ. ಖಡಕ್ ರೊಟ್ಟಿ ಬಡಿದೆ, ಶೇಂಗಾ ಹಿಂಡಿ ಕುಟ್ಟಿದೆ. ಸುರಪುರದ ಕಡೆ ಹೊಳೆ ದಂಡೆಯಲ್ಲಿ ಹರಗೋಲು ಹಾಕುವ ಮೌಲಾಲಿಗೆ ಫೋನು ಮಾಡಿದೆ. ಆ ಗಡ್ಡೆಯ ಮಂದಿ ಹಿಂದೊಂದು ಮಹಾಪೂರ ಬಂದಾಗ ಊರು ಬಿಟ್ಟವರು ಮತ್ತೆ ತಿರುಗಿ ಹೋಗಿರಲಿಲ್ಲ.

‘ಎಷ್ಟು ಮಂದಿ ಬರ್ತೀರಿ ಅಕ್ಕಾರ?’

‘ಮೂರು.’

‘ಮೂರು ಮಂದಿ ಅಂದ್ರ ನಾ ಹತ್ತಿಸಾಂಗಿಲ್ರಿ. ನಾಕನೇದವ್ರನ್ನ ನೋಡ್ರಿ.’

ಮೂವರು ಕೂಡಿ ಹೊರಟರೆ ಹೋದ ಕೆಲಸ ಕೆಡುತ್ತದೆ ಎಂಬ ಮಾತು ನನಗೇನು ಹೊಸದಲ್ಲ. ಆದರೆ ನಾಲ್ಕನೆಯವರನ್ನು ಎಲ್ಲಿಂದ ತರಲಿ? ಅತ್ತೆ ಚಂದಮ್ಮನಿಗೆ ಮೊಣಕಾಲು ನೋವು. ಅವರೇ ಹಿತ್ತಲಿನಿಂದ ಒಂದು ನುಣ್ಣನೆಯ ಕಲ್ಲು ತಂದು ಕೊಟ್ಟರು.

‘ಇದನ್ನ ತಗೊಂಡು ಹೋಗ್ರಿ, ನಾಕು ಮಂದಿ ಆದಂಗ ಆತು. ಬರಾಗ ಅಲ್ಲೇ ಬಿಟ್ಟು ಬರ್ರಿ. ಹೆಸರು ಗಿಸರು ಇಡಬ್ಯಾಡ್ರಿ ಮತ್ತ. ಹೆಸರಿಟ್ರ ಕಲ್ಲು ಕಲ್ಲಾಗಿ ಉಳಿಯಾಂಗಿಲ್ಲ.’

ಕಲ್ಲನ್ನು ಜ್ಯೋತಿ ಎತ್ತಿಕೊಂಡಳು. ಅವಳನ್ನು ಒಲಿಸಿಕೊಳ್ಳುವ ಹುಚ್ಚಿನಲ್ಲಿ ನಾನು ಅವಳ ಕಿವಿಯಲ್ಲಿ, ‘ಅಜ್ಜಿಗ ಹೇಳಬ್ಯಾಡ, ನಿನಗ ಬೇಕಾದ ಹೆಸರಿಡು’ ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ನನ್ನನ್ನೇ ಬಹಳ ಹೊತ್ತು ನೋಡಿ, ‘ಇಟ್ಟೆ’ ಅಂದಳು. ಏನೆಂದು ಹೇಳಲಿಲ್ಲ. ತಾಯಿಯ ಹೆಸರೇ ಇರಬೇಕು ಅಂದುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಆ ಕಲ್ಲಿನ ಮೇಲೆ ಸವತಿ ಮತ್ಸರ ಹುಟ್ಟಿತು.

ಕಲ್ಲನ್ನೂ ಸೇರಿಸಿ ನಾಲ್ಕು ಎಂದು ಎಣಿಸಿ ಮೌಲಾಲಿ ನಮ್ಮನ್ನು ದಾಟಿಸಿ ಹೋದ. ಗಡ್ಡೆಯಲ್ಲಿ ಚಾವಣಿಯಿಲ್ಲದ ಏಳೆಂಟು ಮನೆಗಳು, ಅವುಗಳೊಳಗೆ ಬೆಳೆದ ಜಾಲಿ. ಹಕ್ಕಿಗಳೂ ಇರಲಿಲ್ಲ. ಮಧ್ಯಾಹ್ನ ನಾನು ಮೂರು ಕಲ್ಲಿಟ್ಟು ಒಲೆ ಹೂಡಿದಾಗ ಗೋಡೆಯಾಚೆ ಜ್ಯೋತಿ ಮಾತಾಡುತ್ತಿದ್ದಳು. ಕೇಳುವಳು, ಸುಮ್ಮನಾಗುವಳು, ಆಮೇಲೆ ‘ಹೌದಾ?’ ಅನ್ನುವಳು. ಇಣುಕಿದರೆ ಅವಳು, ಅವಳ ಮುಂದೆ ಆ ಕಲ್ಲು.

ಅಷ್ಟರಲ್ಲಿ ನಮ್ಮವರು ನೀರು ತಂದರು. ಮುಖ ಗಂಟಾಗಿತ್ತು.

‘ಆ ಬೇವಿನ ಗಿಡದ ಹತ್ತರ ಕರದೆ. ಯಾಕ ಹೊಳ್ಳಿ ನೋಡಲಿಲ್ಲ?’

‘ನಾ ಒಲಿ ಬಿಟ್ಟು ಎದ್ದೇ ಇಲ್ಲರಿ.’

‘ಇದ ಹಸರು ಸೀರಿ ಇತ್ತು’ ಅಂದರು. ಆಮೇಲೆ ಆ ಮಾತು ತೆಗೆಯಲಿಲ್ಲ. ನಾನು ಉಟ್ಟಿದ್ದ ಹಸಿರು ಸೀರೆಯ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡೆ.

ಹೇಗೋ ಬೆಳಗಾಯಿತು. ಕಲ್ಲು ಬಿಡುವಾಗ ಜ್ಯೋತಿ ಅಳುತ್ತಾಳೆ ಅಂದುಕೊಂಡಿದ್ದೆ. ಅಳಲೇ ಇಲ್ಲ. ಒಂದು ಹಾಳು ಮನೆಯ ಹೊಸ್ತಿಲ ಮೇಲೆ ಅದನ್ನು ಕೂರಿಸಿ, ಕೈ ಝಾಡಿಸಿಕೊಂಡು ಬಂದು ಹರಗೋಲು ಹತ್ತಿದಳು. ನಡುಹೊಳೆಗೆ ಬಂದಾಗ ಸರಿದು ಬಂದು ನನ್ನ ತೊಡೆಯ ಮೇಲೆ ಕುಳಿತಳು.

‘ಅವ್ವ’ ಅಂದಳು.

ನನ್ನ ಕಣ್ಣು ತುಂಬಿ ಬಂತು. ಅವಳನ್ನು ಅವಚಿಕೊಂಡೆ. ಇಷ್ಟು ಸಾಕು, ಇನ್ನೇನೂ ಬೇಡ ಅನ್ನಿಸಿತು. ಗೆದ್ದ ಹುರುಪಿನಲ್ಲೇ ಕೇಳಿದೆ: ‘ಕಲ್ಲಿಗೆ ಏನಂತ ಹೆಸರಿಟ್ಟಿದ್ದಿ ನನ್ನವ್ವ?’

‘ಕಸ್ತೂರಿ.’

ಅವಳನ್ನು ಅವಚಿದ್ದ ಕೈ ಸಡಿಲಿಸಿದೆ.

‘ಆಕಿನ್ನ ಅಲ್ಲೇ ಬಿಟ್ಟು ಬಂದೇವಲ್ಲ’ ಅಂದಳು ಮಗು. ‘ಇನ್ನ ನೀನು ಅವ್ವ.’

ಮೌಲಾಲಿ ಹುಟ್ಟು ನಿಲ್ಲಿಸಿದ. ‘ಯಾರೋ ಉಳದಾರಲ್ರಿ ಅಲ್ಲಿ!’

ನಮ್ಮವರು ತಿರುಗಿ ನೋಡಿದರು. ‘ಕಸ್ತೂರೀ’ ಎಂದು ಕೂಗಿದರು. ಪಕ್ಕದಲ್ಲೇ ಕುಳಿತಿದ್ದ ನನ್ನ ಕಡೆ ನೋಡಲಿಲ್ಲ, ಗಡ್ಡೆಯ ಕಡೆ ಕೂಗಿದರು.

‘ಏನ್ರೀ, ನನ್ನ ಬಿಟ್ಟು ಹೊಂಟ್ರೇನು?’

ನೀರಿನ ಮೇಲೆ ಹಾದು ಬಂದ ಆ ದನಿ ನನ್ನದು. ನನ್ನ ಬಾಯಿ ಮುಚ್ಚಿತ್ತು. ದನಿಯಲ್ಲಿದ್ದ ಅಳುವೂ ನನ್ನದೇ ಅಳು. ಅದರ ಗುರುತು ನನಗಲ್ಲದೆ ಯಾರಿಗೆ ಸಿಗಬೇಕು? ಈಗ ನಮ್ಮವರು ನನ್ನನ್ನು ನೋಡಿದರು, ನೀನು ಯಾರು ಎಂಬಂತೆ.

‘ಹೊಳ್ಳಸ್ಲೇನ್ರಿ?’ ಮೌಲಾಲಿ ಕೇಳಿದ.

ಜ್ಯೋತಿಯ ಎರಡೂ ಕೈ ನನ್ನ ಕೊರಳನ್ನು ಬಿಗಿದವು. ‘ಅವ್ವ, ಮನಿಗಿ ಹೋಗೂಣು.’

ಗಡ್ಡೆಯಿಂದ ಮತ್ತೆ ಕೂಗು ಬಂತು. ನಾನು ತಿರುಗಿ ನೋಡಲಿಲ್ಲ.

‘ಬ್ಯಾಡ’ ಅಂದೆ. ‘ನಾವು ಎಲ್ಲಾರೂ ಇದ್ದೇವಿ. ನಡಸ್ರಿ.’