ಗಿರಣಿಯ ಪಾಳಿಯಲ್ಲಿ ಗುರುತಿಲ್ಲ ಎಂದದ್ದು

ಹಿಟ್ಟು ಇನ್ನೂ ಬಿಸಿ, ಡಬ್ಬಿಯ ತಳ ಸಿಂಬಿ ದಾಟಿ ನೆತ್ತಿ ಸುಡುತ್ತಿದೆ, ಸುಡಲಿ, ಮುರ್ತುಜಾನ ಗಿರಣಿ ಬಿಟ್ಟು ಎಷ್ಟು ದೂರ ಬಂದೆನೋ, ಕಿವಿಯಲ್ಲಿ ಮಾತ್ರ ಇನ್ನೂ ಅದೇ, ಸಾವೀ, ನೀ ಸಾವೀ ಅಲ್ಲೇನ — ಹನ್ನೊಂದು ವರ್ಷದಿಂದ ಯಾರೂ ನನ್ನನ್ನು ಹಾಗೆ ಕರೆದಿಲ್ಲ, ಈ ಊರಲ್ಲಿ ನಾನು ಸಾವಕ್ಕ, ಮೊದಲು ಅದೂ ಇರಲಿಲ್ಲ, ಬರೀ ಮುಳುಗಡಿಯಾಕಿ. ಹೊಳೆಗೆ ಒಡ್ಡು ಕಟ್ಟಿ ನಮ್ಮೂರಿನ ಕೆಳಗಿನ ಓಣಿಗೆ ನೀರು ಹೊಕ್ಕಾಗ ನಮ್ಮನ್ನು ಇಲ್ಲಿಗೆ ತಂದು ಬಿಟ್ಟರು, ಇದೇ ಗಿರಣಿಯಲ್ಲಿ, ಪಾಳಿಗೆ ನಿಂತಿದ್ದ ಈ ಊರಿನ ಇದೇ ಮಂಜವ್ವ, ಮೊದಲ ಊರಾಗಿನವರ್ದು, ಮುಳುಗಡ್ಯಾರ್ದು ಆಮ್ಯಾಲ, ಎಂದು ನನ್ನ ಡಬ್ಬಿಯನ್ನು ಹಿಂದೆ ಸರಿಸಿದ್ದಳು, ಸಂಜೆಯವರೆಗೂ ನಿಂತಿದ್ದೆ, ಮನೆಯಲ್ಲಿ ಮಕ್ಕಳು ಹಸಿದಿದ್ದವು. ಆಮೇಲೆ ಅವಳ ಬಸುರಿ ಸೊಸೆಯ ಕುಬಸಕ್ಕೆ ನಾನು ರೊಟ್ಟಿ ಬಡಿದುಕೊಟ್ಟೆ, ಯುಗಾದಿಗೆ ಅವಳು ಬೇವು ಕೊಟ್ಟು ಕಳಿಸಿದಳು, ಹೀಗೇ ಇಷ್ಟಿಷ್ಟೇ, ಒಂದು ದಿನ ಯಾರಿಗೋ, ಇವರು ನಮ್ಮ ಸಾವಕ್ಕಾರು, ಎಂದಳು, ನಮ್ಮ ಎಂದಳು, ಆ ರಾತ್ರಿ ಅಳು ಬಂದಿತ್ತು.

ಈಗ ಮೇಲಿನ ಓಣಿಗೂ ನೀರು ಬಂದಿದೆ, ಹೋದ ತಿಂಗಳು ಇಪ್ಪತ್ತು ಮನೆಯವರು ಬಂದು ಮುಂಡರಗಿ ರಸ್ತೆಯ ತಗಡಿನ ಶೆಡ್ಡುಗಳಲ್ಲಿದ್ದಾರೆ, ನನ್ನ ಊರಿನವರೇ, ನೋಡಲು ಹೋಗಲಿಲ್ಲ, ನಾಳೆ, ನಾಳೆ ಎಂದೆ, ಸುಳ್ಳು, ಹೋದರೆ ಮತ್ತೆ ಮುಳುಗಡೆಯವಳಾಗುತ್ತೇನೆಂದು ಹೆದರಿದೆ. ಇವತ್ತು ಮಂಜವ್ವ, ಈ ಮಂದಿ ಬಂದಾಗಿಂದ ಪಾಳೀನ ಸರಿಯಂಗಿಲ್ಲ ನೋಡ್ರಿ, ಎಂದಾಗ ಸುಮ್ಮನಿದ್ದರೆ ಸಾಕಿತ್ತು, ಹೌದ್ರಿ, ಅವರ್ದು ಆಮ್ಯಾಲ ಹಾಕ್ರಿ, ಎಂದವಳು ನಾನೇ, ಮುಂದಿದ್ದ ಡಬ್ಬಿಯನ್ನು ಕಾಲಿನಿಂದ ಸರಿಸಿದವಳೂ ನಾನೇ, ಕಾಲಿನಿಂದ, ಜೋಳ ತುಂಬಿದ ಡಬ್ಬಿಯನ್ನು — ಅದರ ಒಡತಿ ತಿರುಗಿದಳು, ಹನಮಂತವ್ವ, ಮೇಲಿನ ಓಣಿಯ ಹನಮಂತವ್ವ ಚಿಗವ್ವ, ಅವ್ವನಿಲ್ಲದ ನನಗೆ ಎರಡೂ ಬಾಣಂತನ ಮಾಡಿದವಳು, ಅಂಟಿನುಂಡಿ ಕಟ್ಟಿ ಬಾಯಿಗೇ ಇಡುತ್ತಿದ್ದಳು, ತಿನ್ನಲೇ ಸಾವೀ, ಸೊಂಟ ಗಟ್ಟಿ ಆಕ್ಕೈತಿ. ನೀ ಸಾವೀ ಅಲ್ಲೇನ, ಎಂದಳು, ಮಂಜವ್ವ ನನ್ನ ಮುಖ ನೋಡುತ್ತಿದ್ದಳು, ಯಾರವಾ ನೀ, ನನಗ ಗುರುತಿಲ್ಲ, ಎಂದೆ, ಎಷ್ಟು ಸಲೀಸಾಗಿ ಬಂತು ಆ ಮಾತು. ನಾನು ಮುಳುಗಡೆಯವಳೆಂದು ಊರಿಗೆಲ್ಲ ಗೊತ್ತು, ಹಾಗಾದರೆ ಯಾರಿಂದ ಮುಚ್ಚಿಟ್ಟೆ? ಚಿಗವ್ವ ಒಂದು ಗಳಿಗೆ ನೋಡಿ, ಇಲ್ಲ ತಾಯಿ, ಕಣ್ಣು ಮಬ್ಬಾಗ್ಯಾವ, ತಪ್ಪ ತಿಳದೆ, ಎಂದು ತನ್ನ ಡಬ್ಬಿಯನ್ನು ತಾನೇ ಎಳೆದೊಯ್ದು ಪಾಳಿಯ ಕೊನೆಗಿಟ್ಟಳು, ನಾನು ನನ್ನದನ್ನು ಬೀಸಿಸಿಕೊಂಡು ಬಂದೆ, ಬಂದುಬಿಟ್ಟೆ —

ಇಲ್ಲ, ಕಾಲು ತಿರುಗಿದೆ, ಗಿರಣಿಯ ಸದ್ದು ಹತ್ತಿರವಾಗುತ್ತಿದೆ, ಮಂಜವ್ವ ಇನ್ನೂ ಅಲ್ಲೇ, ಚಿಗವ್ವ ಹೊರಗೆ ಗೋಡೆಗೊರಗಿ ಕೂತಿದ್ದಾಳೆ, ಡಬ್ಬಿ ಇಳಿಸಿದೆ, ಎಲ್ಲರಿಗೂ ಕೇಳುವಂತೆ ಅಂದೆ, ಮಂಜವ್ವಾರ, ಇಕಿ ನಮ್ಮ ಚಿಗವ್ವ, ನನ್ನ ಬಾಣಂತನ ಮಾಡ್ಯಾಳ, ನಾ ಗುರುತಿಲ್ಲಂತ ಖೊಟ್ಟಿ ಹೇಳಿದೆ. ಬೈಯುತ್ತಾಳೆ, ಇನ್ನು ನಮ್ಮ ಎನ್ನುವುದಿಲ್ಲ ಎಂದುಕೊಂಡೆ, ಮಂಜವ್ವ ಬಾಯಿ ಮೇಲೆ ಸೆರಗಿಟ್ಟಳು, ಅಯ್ಯ, ಮೊದಲ ಹೇಳಬಾರದೇನ್ರಿ, ಎಂದಳು, ಕೊನೆಯಲ್ಲಿದ್ದ ಆ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ತನ್ನದಕ್ಕಿಂತ ಮುಂದಿಟ್ಟಳು, ಇಷ್ಟೇ, ಇಷ್ಟಕ್ಕೇ ಹೆದರಿದ್ದೆನೇ ನಾನು. ಚಿಗವ್ವಾ, ನಾನ, ಸಾವಿ, ಬೈಯಿ, ಒಂದ ಏಟು ಹೊಡಿ. ಅವಳು ಬೈಯಲಿಲ್ಲ. ತಾನು ಕೂತಿದ್ದ ಖಾಲಿ ಚೀಲವನ್ನು ಎಳೆದು, ಎರಡು ಸಲ ಝಾಡಿಸಿ, ಮಡಿಚಿ ನನ್ನ ಕಡೆ ಸರಿಸಿದಳು, ಇದರ ಮ್ಯಾಲ ಕುಂಡ್ರಿ, ನೆಲಕ್ಕ ಕುಂತ್ರ ನಿಮ್ಮ ಸೀರಿ ಹೊಲಸ ಆಕ್ಕೈತಿ. ಕುಂಡ್ರಿ ಎಂದಳು, ನಿಮ್ಮ ಎಂದಳು, ನನಗೆ. ನಾನು ನೆಲಕ್ಕೇ ಕೂತೆ, ಅವಳೂ ನೆಲಕ್ಕೇ, ನಡುವೆ ಆ ಚೀಲ, ಝಾಡಿಸಿ ಮಡಿಚಿಟ್ಟ ಚೀಲ, ಯಾರೂ ಕೂರದ ಚೀಲ