ನಾಲ್ಕನೆಯ ಹೆಗಲು

ಮೂರನೆಯವನ ತೋಳಿಗೆ ಬಿಳಿ ಟವೆಲ್ ಬಿಗಿದು ಗಂಟು ಹಾಕಿದ ಜ್ಲಾತಿನಾ ತಲೆ ಎತ್ತಿ ನೋಡಿದಳು. ನಾಲ್ಕನೆಯವನಿಲ್ಲ. ಅಪ್ಪನ ಹೆಣದ ಪೆಟ್ಟಿಗೆ ಇಟ್ಟಿದ್ದ ಅಂಗಳದಲ್ಲಿ ಗಂಡಸರಿಗೇನೂ ಬರವಿರಲಿಲ್ಲ. ಆದರೆ ಅವಳ ಕೈಯಲ್ಲಿ ಇನ್ನೊಂದು ಟವೆಲ್ ಕಂಡದ್ದೇ ತಡ, ಒಬ್ಬನಿಗೆ ಸೊಂಟ ಹಿಡಿದುಕೊಂಡಿತು, ಇನ್ನೊಬ್ಬನಿಗೆ ಫೋನ್ ಬಂತು. ಹೆಣ ಹೊರುವವರಿಗೆ ಟವೆಲ್ ಕಟ್ಟುವುದು ಊರ ಪದ್ಧತಿ. ರಕ್ತಸಂಬಂಧಿಗಳು ಹೆಗಲು ಕೊಡಬಾರದು ಎನ್ನುವುದೂ ಪದ್ಧತಿಯೇ.

"ಕಂಡಕಂಡ ಕಳ್ಳ ಹುಡುಗರನ್ನೆಲ್ಲ ಬೇಕರೀಲಿಟ್ಟು ಸಾಕಿದ ನಿಮ್ಮಪ್ಪ," ಎಂದು ಪಕ್ಕದ ಮನೆಯ ಗಾನಾ ಅತ್ತೆ ಮೂಗು ಒರೆಸಿಕೊಂಡಳು. "ಒಬ್ಬನಾದ್ರೂ ಬಂದ್ನೇನೇ?"

"ಎಲ್ರೂ ಜರ್ಮನೀಲಿ ದುಡೀತಿದಾರೆ ಅತ್ತೆ. ಜೈಲಲ್ಲಿದ್ದಿದ್ರೆ ಹತ್ರ ಇರ್ತಿದ್ರು."

ಅಷ್ಟರಲ್ಲಿ ಗೇಟಿನ ಮುಂದೆ ಕರಿ ಕಾರು ನಿಂತಿತು. ಸರಕಾರಿ ವಕೀಲ ಒಗ್ನಿಯಾನ್ ಹೂ ಹಿಡಿದು ಇಳಿದ. ಜನ ದಾರಿ ಬಿಟ್ಟರು.

*

ಆಗ ಒಗ್ನಿಯಾನನಿಗೆ ಹದಿನಾಲ್ಕು, ಜ್ಲಾತಿನಾಳಿಗೆ ಹನ್ನೆರಡು. ಬೇಕರಿಯ ಸೌದೆ ಕೊಟ್ಟಿಗೆಗೆ ಬೆಂಕಿ ಇಟ್ಟವನು ಅವನೇ. ಅವಳು ಕಿಟಕಿಯಿಂದ ನೋಡಿ ಅಪ್ಪನಿಗೆ ಹೇಳಿದ್ದಳು. ಪೊಲೀಸರು ಬಂದಾಗ ಅಪ್ಪ ವೆಲಿಜಾರ್, "ನಂದೇ ತಪ್ಪು ಸಾರ್. ಕುಡಿದ ಮತ್ತಲ್ಲಿ ಸಿಗರೇಟು ಎಸೆದ್ಬಿಟ್ಟೆ," ಎಂದುಬಿಟ್ಟ. ಜೀವಮಾನದಲ್ಲಿ ಅವನು ಸಿಗರೇಟು ಮುಟ್ಟಿದವನಲ್ಲ.

ಮರುದಿನವೇ ಹುಡುಗನನ್ನು ಹಿಟ್ಟು ನಾದಲು ನಿಲ್ಲಿಸಿದ.

"ಯಾಕಪ್ಪ ಹಿಡ್ಕೊಡಲಿಲ್ಲ?"

"ತಪ್ಪು ಮಾಡಿದ ಹುಡುಗರನ್ನ ಕೂಡಿ ಬೀಗ ಹಾಕೋ ಶಾಲೇಲಿ ದೊಡ್ಡ ಕಳ್ಳರ ಹತ್ರ ಪಾಠ ಕಲೀತಾನೆ ಮಗಾ. ಇಲ್ಲಿ ಬ್ರೆಡ್ ಮಾಡೋದಾದ್ರೂ ಕಲೀಲಿ."

ಅಂದಿನಿಂದ ಊರಿಗೆ ಅಪ್ಪ 'ಕುಡುಕ ಬೇಕರಿಯವನು'. ಅವನು ನಕ್ಕುಬಿಟ್ಟ. ಶಾಲೆಯಲ್ಲಿ ಆ ಹೆಸರು ಕೇಳಿಸಿಕೊಂಡವಳು ಅವಳು. ಅವಳಿಗೆ ನಗು ಬರಲಿಲ್ಲ.

ಮೊನ್ನೆ ಮೊನ್ನೆ ಅಂಗಡಿಯ ಗಾಜು ಒಡೆದ ಮೂವರು ಹುಡುಗರನ್ನು ಅದೇ ಬೀಗದ ಶಾಲೆಗೆ ಕಳಿಸಿಬಿಡಬೇಕೆಂದು ಒಗ್ನಿಯಾನ್ ಹಟ ಹಿಡಿದ. ಅವರನ್ನು ತನಗೆ ಒಪ್ಪಿಸೆಂದು ಕೇಳಲು ಅಪ್ಪ ಹೋದರೆ, ಒಗ್ನಿಯಾನ್ ಗುಮಾಸ್ತರ ಎದುರಿಗೇ, "ಯಾರು ನೀವು?" ಎಂದನಂತೆ.

"ಮರೆತಿರ್ಬೇಕು ಬಿಡು," ಎಂದು ಮನೆಗೆ ಬಂದು ಮಲಗಿದ ಅಪ್ಪ ಮತ್ತೆ ಒಲೆ ಹಚ್ಚಲಿಲ್ಲ.

*

ಒಗ್ನಿಯಾನ್ ಪೆಟ್ಟಿಗೆಯ ಮೇಲೆ ಹೂ ಇಟ್ಟು ತಿರುಗುವಷ್ಟರಲ್ಲಿ ಜ್ಲಾತಿನಾ ಟವೆಲ್ ಚಾಚಿದಳು. "ಒಂದು ಹೆಗಲು ಕಮ್ಮಿ ಇದೆ."

ಅವನು ಅತ್ತಿತ್ತ ನೋಡಿದ. ಟವೆಲ್ ಕಟ್ಟಿಸಿಕೊಂಡರೆ ಮರೆತುಹೋದ ಬೇಕರಿಯ ನಂಟನ್ನು ಊರು ಮತ್ತೆ ಕೆದಕದೆ ಬಿಡುವುದಿಲ್ಲ. ಅವಳ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ: "ಜ್ಲಾತಿ, ಅವರು ನಂಗೆ ತಂದೆ ಇದ್ದ ಹಾಗೆ. ಮಕ್ಕಳು ಹೊರಬಾರದಲ್ವಾ?"

ಅವಳು ಟವೆಲ್ ಹಿಂದಕ್ಕೆ ಎಳೆದುಕೊಂಡಳು. "ಹಾಗಾದ್ರೆ ಬಾ, ನನ್ನ ಪಕ್ಕ ನಿಂತ್ಕೋ. ಮಗ ಅಂತ ಎಲ್ರಿಗೂ ಕೇಳೋ ಹಾಗೆ ಹೇಳು."

"ಕೋರ್ಟಿಗೆ ಹೊತ್ತಾಯ್ತು," ಎಂದು ಅವನು ಕಾರಿನತ್ತ ನಡೆದ.

ಅವಳು ಟವೆಲನ್ನು ಹಲ್ಲಲ್ಲಿ ಕಚ್ಚಿ ಎಳೆದು ತನ್ನ ತೋಳಿಗೇ ಕಟ್ಟಿಕೊಂಡಳು.

"ಅಯ್ಯಯ್ಯೋ, ಹೆತ್ತ ಮಗಳು ಹೊರಬಾರದು ಕಣೇ!" ಗಾನಾ ಅತ್ತೆ ಕಿರುಚಿದಳು.

"ಮಗ ಕಾರು ಹತ್ತಿದ ಅತ್ತೆ. ಇನ್ಯಾರಿದಾರೆ?"

ಸ್ಮಶಾನದ ಓಣಿ ಇಕ್ಕಟ್ಟು, ಕೋರ್ಟಿಗೂ ಅದೇ ದಾರಿ. ತಿರುಗಿಸಿಕೊಂಡು ಬರುವಷ್ಟರಲ್ಲಿ ಒಗ್ನಿಯಾನನ ಕಾರು ಶವಯಾತ್ರೆಯ ಹಿಂದೆ ಸಿಕ್ಕಿಕೊಂಡಿತು. ಮುಂದೆ ಹೋಗಲು ಜಾಗವಿಲ್ಲ, ಹಾರ್ನ್ ಹಾಕುವಂತೆಯೂ ಇಲ್ಲ. ಕಾಫಿ ಅಂಗಡಿಯ ಮುಂದೆ ಕೂತಿದ್ದವರು ಕಣ್ಣರಳಿಸಿದರು.

"ನೋಡ್ರೋ, ಎಷ್ಟು ದೊಡ್ಡ ಮನುಷ್ಯ! ಆ ಕುಡುಕನ ಹಿಂದೆ ಹೆಜ್ಜೆ ಹೆಜ್ಜೆಗೆ ಬರ್ತಿದಾನೆ!"

ಪೆಟ್ಟಿಗೆ ಜ್ಲಾತಿನಾಳ ಕಡೆಗೆ ವಾಲಿಕೊಂಡು ಅವರ ಮುಂದೆಯೇ ಹಾದುಹೋಯಿತು. ಯಾರೂ ಏಳಲಿಲ್ಲ. ಕಾರು ಹತ್ತಿರ ಬಂದಾಗ ಎಲ್ಲರೂ ಎದ್ದು ನಿಂತು ಟೋಪಿ ತೆಗೆದರು.